ಆ ಕಿವಿಗೆ ಏನು ಕೇಳಿಸುತ್ತದೆ?

‘ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಮಾತು ಹೀಗೆ ಕೇಳಿಸುತ್ತದೆ’ ಎಂಬ ತಲೆಬರಹದ ಧ್ವನಿತುಣುಕುಗಳು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ದನಿ ಎನ್ನುವುದೇ ಇರುವುದಿಲ್ಲ. ಗಂಡೋ ಹೆಣ್ಣೋ ತಿಳಿಯದ, ರಾಗವಿಲ್ಲದ, ಗರಗರ ಎನ್ನುವ ಒಂದು ಪಿಸುಮಾತು ಅಷ್ಟೆ. ಮಗುವಿಗೆ ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ತೊಳಲಾಡುತ್ತಿರುವ ಅಪ್ಪ ಅಮ್ಮ ರಾತ್ರಿ ಮಲಗುವ ಮುಂಚೆ ಇದನ್ನು ಕೇಳಿಬಿಟ್ಟರೆ ಅವರಿಗೆ ನಿದ್ದೆ ಹತ್ತಲಿಕ್ಕಿಲ್ಲ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ವಿಡಿಯೋಗಳೂ ಉಂಟು. ಆಡಿಯಾಲಜಿಸ್ಟ್ ಕಂಪ್ಯೂಟರಿನಲ್ಲಿ ಏನನ್ನೋ ಒತ್ತುತ್ತಾರೆ, ಅಮ್ಮ ಹೆಸರು ಹಿಡಿದು ಕರೆಯುತ್ತಾಳೆ, ಮಗು ಕಣ್ಣರಳಿಸಿ ನಗುತ್ತದೆ, ಸುತ್ತ ಇದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಮೊದಲನೆಯದು ಸುಮ್ಮನೆ ಹೆದರಿಸುತ್ತದೆ. ಎರಡನೆಯದು ಇನ್ನೇನು ಎಲ್ಲ ಮುಗಿಯಿತು, ಮಗು ನಾಳೆಯಿಂದ ಮಾತಾಡುತ್ತದೆ ಎಂಬ ಭ್ರಮೆ ಹುಟ್ಟಿಸುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಅಪಾಯಕಾರಿ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕೊಡುವ ಲೆಕ್ಕದ ಪ್ರಕಾರ 2022ರ ಮಧ್ಯಭಾಗದ ಹೊತ್ತಿಗೆ ಪ್ರಪಂಚದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಾಕ್ಲಿಯರ್ ಇಂಪ್ಲಾಂಟ್‌ಗಳನ್ನು ಅಳವಡಿಸಲಾಗಿತ್ತು. ಇಷ್ಟು ಜನ ಬಳಸುವ ಸಾಧನದ ಬಗ್ಗೆ ‘ಅದರಲ್ಲಿ ಕೇಳಿಸುವುದು ಹೇಗೆ?’ ಎಂಬ ಸರಳ ಪ್ರಶ್ನೆಗೆ ಇತ್ತೀಚಿನವರೆಗೂ ನೇರವಾದ ಉತ್ತರ ಇರಲಿಲ್ಲ. ಕಾರಣವೂ ಸರಳ. ಹುಟ್ಟಿನಿಂದ ಕಿವುಡಾದ ಮಗುವಿಗೆ ಹೋಲಿಸಿ ಹೇಳಲು ಬೇರೆ ದನಿಯೇ ಗೊತ್ತಿಲ್ಲ. ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡವರು ನೆನಪಿನಿಂದ ಹೇಳಬೇಕು, ದನಿಯ ನೆನಪನ್ನು ನಂಬುವ ಹಾಗಿಲ್ಲ.

ಮೊದಲು ಯಂತ್ರ ಏನು ಮಾಡುತ್ತದೆ ಎಂದು ನೋಡೋಣ. ಹಿಯರಿಂಗ್ ಏಡ್ ಸದ್ದನ್ನು ದೊಡ್ಡದು ಮಾಡಿ ಕಿವಿಗೆ ಬಿಡುತ್ತದೆ, ಉಳಿದ ಕೆಲಸ ಕಿವಿಯದ್ದೇ. ಕಾಕ್ಲಿಯರ್ ಇಂಪ್ಲಾಂಟ್ ಆ ಕಿವಿಯನ್ನೇ ಬಿಟ್ಟು ಮುಂದೆ ಹೋಗುತ್ತದೆ. ಕಿವಿಯ ಹಿಂದೆ ಕೂರುವ ಪ್ರೊಸೆಸರಿನ ಮೈಕು ಸದ್ದನ್ನು ಹಿಡಿಯುತ್ತದೆ. ಸಣ್ಣದೊಂದು ತಂತಿ ಅದನ್ನು ತಲೆಗೆ ಅಯಸ್ಕಾಂತದಿಂದ ಅಂಟಿಕೊಂಡಿರುವ ಕಾಯಿಲ್‌ಗೆ ತಲುಪಿಸುತ್ತದೆ. ಚರ್ಮದ ಅಡಿಯಲ್ಲಿರುವ ರಿಸೀವರ್ ಅದನ್ನು ಪಡೆದು, ಒಳಗಿವಿಯ ಕಾಕ್ಲಿಯಾದೊಳಗೆ ತೂರಿಸಿಟ್ಟ ಎಲೆಕ್ಟ್ರೋಡುಗಳ ಮೂಲಕ ಶ್ರವಣನರಕ್ಕೆ ನೇರವಾಗಿ ವಿದ್ಯುತ್ ಮಿಡಿತ ಕೊಡುತ್ತದೆ.

ಕಾಕ್ಲಿಯಾ ಎರಡೂವರೆ ಸುತ್ತು ಸುರುಳಿ ಸುತ್ತಿಕೊಂಡಿರುವ, ಬಿಡಿಸಿದರೆ ಸುಮಾರು 35 ಮಿಲಿಮೀಟರ್ ಉದ್ದದ ನಾಳ. ಅದರಲ್ಲಿ ಪ್ರತಿ ಸ್ವರಕ್ಕೂ ಅದರದೇ ಜಾಗ ಉಂಟು. ಬುಡದಲ್ಲಿ ಕೀಚಲು ಸದ್ದು, ಒಳತುದಿಯಲ್ಲಿ ಗಡಸು ಸದ್ದು. ಇದನ್ನು ಶವಗಳ ಕಿವಿಯಲ್ಲಿ ಕಣ್ಣಾರೆ ನೋಡಿ ತೋರಿಸಿದ ಗೆಯೊರ್ಗ್ ಫೊನ್ ಬೆಕೆಸಿಗೆ 1961ರಲ್ಲಿ ನೊಬೆಲ್ ಬಂತು. ಒಳ್ಳೆಯ ಕಿವಿಯಲ್ಲಿ ಈ ಕೆಲಸಕ್ಕೆ ಸುಮಾರು 3,500 ಒಳಸಾಲಿನ ರೋಮಕೋಶಗಳಿವೆ, ಅವುಗಳಿಂದ ಹೊರಡುವ ನರತಂತುಗಳು ಹತ್ತಿರ ಹತ್ತಿರ 30,000. ಇಂಪ್ಲಾಂಟಿನಲ್ಲಿ ಇರುವುದು, ಕಂಪನಿಯ ಮೇಲೆ ಅವಲಂಬಿಸಿ, 12ರಿಂದ 22 ಎಲೆಕ್ಟ್ರೋಡು.

ಅಷ್ಟಾದರೂ ಪೂರ್ತಿ ಕೆಲಸಕ್ಕೆ ಬರುತ್ತವೆಯೇ ಎಂದರೆ ಇಲ್ಲ. ಕಾಕ್ಲಿಯಾದೊಳಗೆ ತುಂಬಿರುವುದು ಉಪ್ಪುನೀರಿನಂಥ ದ್ರವ, ಅದರಲ್ಲಿ ವಿದ್ಯುತ್ ಹೇಳಿದ ಜಾಗದಲ್ಲಿ ನಿಲ್ಲುವುದಿಲ್ಲ. ಒದ್ದೆ ನೆಲದ ಮೇಲೆ ಇಟ್ಟ ರಂಗೋಲಿಯ ಚುಕ್ಕಿಗಳ ಹಾಗೆ ಪಕ್ಕದ ಪಕ್ಕದವು ಹರಡಿ ಕೂಡಿಕೊಳ್ಳುತ್ತವೆ. 2001ರಲ್ಲಿ ಲಾಸ್ ಏಂಜಲೀಸಿನ ಹೌಸ್ ಸಂಸ್ಥೆಯ ಸಂಶೋಧಕರು ಎಲೆಕ್ಟ್ರೋಡುಗಳನ್ನು ಹೆಚ್ಚಿಸುತ್ತ ಮಾತು ಎಷ್ಟು ತಿಳಿಯುತ್ತದೆ ಎಂದು ಅಳೆದರು. ಏಳೆಂಟರವರೆಗೆ ಅಂಕ ಏರಿತು, ಆಮೇಲೆ ಎಷ್ಟು ಸೇರಿಸಿದರೂ ಏರಲಿಲ್ಲ. ಜೋರು–ಮೆಲ್ಲಗಿನ ಕಥೆಯೂ ಇಷ್ಟೇ. ಒಳ್ಳೆಯ ಕಿವಿ ಎಲೆ ಅಲುಗಿದ್ದರಿಂದ ಹಿಡಿದು ಪಟಾಕಿಯವರೆಗೆ ಸುಮಾರು 120 ಡೆಸಿಬೆಲ್ ವ್ಯಾಪ್ತಿಯನ್ನು ನಿಭಾಯಿಸುತ್ತದೆ. ವಿದ್ಯುತ್ತಿನಲ್ಲಿ ‘ಈಗಷ್ಟೇ ಕೇಳಿಸಿತು’ ಎನ್ನುವುದಕ್ಕೂ ‘ಅಯ್ಯೋ ಸಾಕು’ ಎನ್ನುವುದಕ್ಕೂ ನಡುವೆ ಇರುವ ಅಂತರ 10–20 ಡೆಸಿಬೆಲ್ ಮಾತ್ರ. ಇಡೀ ಪ್ರಪಂಚದ ಸದ್ದನ್ನು ಅಷ್ಟರೊಳಗೆ ಹಿಡಿಸಬೇಕು. ಆಪರೇಷನ್ ಆದ ಮೇಲೆ ಮತ್ತೆ ಮತ್ತೆ ಮ್ಯಾಪಿಂಗ್‌ಗೆ ಬನ್ನಿ ಎಂದು ಆಡಿಯಾಲಜಿಸ್ಟ್‌ಗಳು ಕರೆಯುವುದು ಇದಕ್ಕೇ. ಪ್ರತಿ ಎಲೆಕ್ಟ್ರೋಡಿಗೂ ಆ ಎರಡು ಗಡಿಗಳನ್ನು ಹುಡುಕಿ ಕೂರಿಸುವ ಕೆಲಸ ಅದು.

ಪ್ರೊಸೆಸರ್ ಇನ್ನೂ ಒಂದನ್ನು ಕೈಬಿಡುತ್ತದೆ. ಸದ್ದನ್ನು ಕೆಲವು ಪಟ್ಟಿಗಳಾಗಿ ಒಡೆದು, ಪ್ರತಿ ಪಟ್ಟಿಯಲ್ಲೂ ಶಕ್ತಿ ಹೇಗೆ ಏರಿತು, ಹೇಗೆ ಇಳಿಯಿತು ಎಂಬ ಹೊರರೇಖೆಯನ್ನಷ್ಟೇ ಇಟ್ಟುಕೊಂಡು, ಒಳಗಿನ ಸೂಕ್ಷ್ಮ ಕಂಪನವನ್ನು ಬಹುಪಾಲು ಬಿಟ್ಟುಬಿಡುತ್ತದೆ. ಜತೆಗೆ ಎಲೆಕ್ಟ್ರೋಡುಗಳೆಲ್ಲ ಒಟ್ಟಿಗೆ ಮಿಡಿದರೆ ಕಲಸುಮೇಲೋಗರವಾಗುತ್ತದೆಂದು ಒಂದಾದ ಮೇಲೊಂದು, ಕಣ್ಣು ಮುಚ್ಚಿ ತೆರೆಯುವುದಕ್ಕಿಂತ ಎಷ್ಟೋ ಬೇಗ ಮಿಡಿಯುವಂತೆ ಮಾಡಲಾಗುತ್ತದೆ. ಅಮೆರಿಕದ ಬ್ಲೇಕ್ ವಿಲ್ಸನ್ ತಂಡ 1991ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಈ ಉಪಾಯದಿಂದಲೇ ಇಂಪ್ಲಾಂಟ್ ಹಾಕಿಸಿಕೊಂಡ ಅನೇಕರು ತುಟಿ ನೋಡದೆ ಮಾತು ಅರ್ಥಮಾಡಿಕೊಳ್ಳಲು ಶುರುಮಾಡಿದ್ದು.

ಯೂಟ್ಯೂಬಿನ ಆ ಗರಗರ ದನಿ ಹುಟ್ಟಿದ್ದೂ ಇಲ್ಲಿಂದಲೇ. 1995ರಲ್ಲಿ ರಾಬರ್ಟ್ ಶ್ಯಾನನ್ ಮತ್ತು ಜತೆಗಾರರು ಮಾತನ್ನು ಮೂರು–ನಾಲ್ಕು ಪಟ್ಟಿಗಳಾಗಿ ಒಡೆದರು. ಹೊರರೇಖೆ ಉಳಿಸಿ ಒಳಗೆ ಬರೀ ಗದ್ದಲ ತುಂಬಿ, ಚೆನ್ನಾಗಿ ಕಿವಿ ಕೇಳುವವರಿಗೆ ಕೇಳಿಸಿದರು. ಅಷ್ಟು ಬಡಕಲಾದ ಸದ್ದಿನಲ್ಲೂ ಸ್ವಲ್ಪ ಅಭ್ಯಾಸವಾದ ಮೇಲೆ ಜನ ವಾಕ್ಯಗಳನ್ನು ಬಹುಪಾಲು ಸರಿಯಾಗಿ ಹೇಳಿದರು. ಆ ಪ್ರಯೋಗ ಮಾಡಿದ್ದು ಮಾತು ತಿಳಿಯಲು ಕನಿಷ್ಠ ಎಷ್ಟು ಬೇಕು ಎಂದು ಅರಿಯಲು. ಇಂಪ್ಲಾಂಟ್ ಹೀಗೇ ಕೇಳಿಸುತ್ತದೆ ಎಂದು ತೋರಿಸುವ ಉದ್ದೇಶ ಅದಕ್ಕಿರಲಿಲ್ಲ. ಕಾಲಕ್ರಮದಲ್ಲಿ ಆ ವ್ಯತ್ಯಾಸ ಮರೆತುಹೋಯಿತು. ಯಂತ್ರ ಏನು ಕಳಿಸುತ್ತದೆ ಎಂಬುದರ ಲೆಕ್ಕಪತ್ರವೇ ಮನುಷ್ಯನಿಗೆ ಏನು ಕೇಳಿಸುತ್ತದೆ ಎಂಬುದರ ಪುರಾವೆ ಆಗಿಬಿಟ್ಟಿತು.

‘ಏನು ಕೇಳಿಸಿತು’ ಎಂದು ಕೇಳಿಸಿಕೊಂಡವರೇ ಹೇಳಿದ ಕಥೆ ಹಳೆಯದು. ಕಿವಿಗೆ ವಿದ್ಯುತ್ ಕೊಟ್ಟ ಮೊದಲಿಗರಲ್ಲಿ ಬ್ಯಾಟರಿ ಕಂಡುಹಿಡಿದ ವೋಲ್ಟಾನೂ ಒಬ್ಬ. ಎರಡು ಕಿವಿಗೂ ಲೋಹದ ಕಡ್ಡಿ ತೂರಿಸಿಕೊಂಡು ತನ್ನದೇ ಬ್ಯಾಟರಿಗೆ ಜೋಡಿಸಿದ. ತಲೆಗೆ ಹೊಡೆತ ಬಿದ್ದಂತಾಗಿ, ಗಟ್ಟಿಯಾದ ಏನೋ ಕೊತಕೊತ ಕುದಿಯುವ ಸದ್ದು ಕೇಳಿಸಿತಂತೆ. ಇದನ್ನೆಲ್ಲ 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಪುಣ್ಯಾತ್ಮ ಮತ್ತೆ ಆ ಸಾಹಸಕ್ಕೆ ಹೋಗಲಿಲ್ಲ. 1957ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಆಂದ್ರೆ ಜೂರ್ನೊ ಮತ್ತು ಶಾರ್ಲ್ ಏರಿಯೆಸ್ ಎರಡೂ ಕಿವಿ ಹೋಗಿದ್ದ ರೋಗಿಯೊಬ್ಬನ ಶ್ರವಣನರಕ್ಕೆ ತಂತಿ ಸುರುಳಿ ಜೋಡಿಸಿದಾಗ ಆತ ಹೇಳಿದ್ದು ಜೀರುಂಡೆಯಂಥ ಸದ್ದು ಎಂದು. ವಾರಗಟ್ಟಲೆ ತರಬೇತಿಯಾದ ಮೇಲೆ ‘ಪಾಪಾ’, ‘ಮಾಮಾಂ’, ‘ಅಲೋ’ ತರದ ನಾಲ್ಕಾರು ಪದಗಳನ್ನು ಬೇರೆಬೇರೆಯಾಗಿ ಗುರುತಿಸಿದ. ಅಮೆರಿಕದ ವಿಲಿಯಂ ಹೌಸ್ 1961ರಿಂದ ಈ ದಾರಿಯಲ್ಲಿ ನಡೆದರು, ವೈದ್ಯಲೋಕದ ಬಹುಪಾಲು ಜನ ಅವರನ್ನು ಗೇಲಿ ಮಾಡಿದರು. 1977ರಲ್ಲಿ ಪಿಟ್ಸ್‌ಬರ್ಗಿನ ರಾಬರ್ಟ್ ಬಿಲ್ಗರ್ ಒಂದೇ ಎಲೆಕ್ಟ್ರೋಡ್ ಇದ್ದ ಹದಿಮೂರು ಮಂದಿಯನ್ನು ಕೂಲಂಕಷವಾಗಿ ಪರೀಕ್ಷಿಸಿ ಕೊಟ್ಟ ವರದಿ, ಬರೀ ಇದರಿಂದ ಮಾತು ತಿಳಿಯದು, ಆದರೆ ತುಟಿ ಓದುವುದಕ್ಕೆ ಸಹಾಯವಾಗುತ್ತದೆ, ಬದುಕು ಸುಧಾರಿಸಿದೆ ಎಂದಿತು. ಆಮೇಲೆ ಗೇಲಿ ಕಡಿಮೆಯಾಯಿತು.

ಬಹು ಎಲೆಕ್ಟ್ರೋಡಿನ ಇಂಪ್ಲಾಂಟ್ ಒಂದಕ್ಕಿಂತ ಹೆಚ್ಚು ಕಡೆ ಬೆಳೆಯಿತು. ವಿಯೆನ್ನಾದಲ್ಲಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೋಕ್ಮಯರ್ ದಂಪತಿ 1977ರ ಕೊನೆಗೆ, ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕ್ 1978ರ ಆಗಸ್ಟಿನಲ್ಲಿ. ಕ್ಲಾರ್ಕ್ ಅವರ ತಂದೆ ಔಷಧದಂಗಡಿ ಇಟ್ಟಿದ್ದವರು, ಕಿವಿ ಮಂದ. ಗಿರಾಕಿಗಳು ತಮ್ಮ ಗುಟ್ಟಿನ ಕಾಯಿಲೆಗಳನ್ನೆಲ್ಲ ಅಂಗಡಿ ತುಂಬ ಕೇಳುವ ಹಾಗೆ ಕೂಗಿ ಹೇಳಬೇಕಾಗುತ್ತಿತ್ತು. ಹುಡುಗ ಕ್ಲಾರ್ಕ್ ಅದನ್ನು ನೋಡುತ್ತ ಬೆಳೆದ. ಮುಂದೆ ಸಮುದ್ರತೀರದಲ್ಲಿ ಕೂತಿದ್ದಾಗ ಬುಡ ಗಟ್ಟಿ, ತುದಿ ಮೆದುವಾದ ಹುಲ್ಲಿನ ಗರಿಯೊಂದನ್ನು ಸುರುಳಿ ಚಿಪ್ಪಿನೊಳಗೆ ತೂರಿಸಿ ನೋಡಿದರು, ಅದು ಸಲೀಸಾಗಿ ಸುತ್ತಿಕೊಂಡು ಒಳಗೆ ಹೋಯಿತು. ಕಾಕ್ಲಿಯಾದೊಳಗೆ ಹೋಗುವ ಎಲೆಕ್ಟ್ರೋಡಿನ ಎಳೆ ಹೇಗಿರಬೇಕೆಂದು ಅವರಿಗೆ ಹೊಳೆದದ್ದು ಆಗ. ಅವರ ಮೊದಲ ರೋಗಿ ರಾಡ್ ಸಾಂಡರ್ಸ್ ಅಪಘಾತದಲ್ಲಿ ಕಿವಿ ಕಳೆದುಕೊಂಡಿದ್ದವರು. ಪರೀಕ್ಷೆಯ ವೇಳೆ ಅಂದಿನ ರಾಷ್ಟ್ರಗೀತೆ ‘ಗಾಡ್ ಸೇವ್ ದ ಕ್ವೀನ್’ ನುಡಿಸಿದಾಗ ಅವರು ಕುರ್ಚಿಯಿಂದೆದ್ದು ನೆಟ್ಟಗೆ ನಿಂತರಂತೆ. ಅವರಿಗೆ ಕೇಳಿಸಿದ್ದು ನಮಗೆ ಕೇಳಿಸುವ ಹಾಗೆ ಇದ್ದಿರಲಾರದು, ಆದರೆ ಯಾವ ಹಾಡೆಂದು ತಿಳಿಯಿತು. ಕ್ಲಾರ್ಕ್, ಇಂಗೆಬೋರ್ಗ್ ಹೋಕ್ಮಯರ್ ಮತ್ತು ಬ್ಲೇಕ್ ವಿಲ್ಸನ್ ಮೂವರಿಗೂ 2013ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

‘ಹೇಗೆ ಕೇಳಿಸುತ್ತದೆ’ ಎಂಬ ಪ್ರಶ್ನೆಗೆ ಸಾಕ್ಷಿ ಹೇಳಬಲ್ಲವರು ಸಿಕ್ಕಿದ್ದು ಒಂದೇ ಕಿವಿ ಹೋದವರಿಗೂ ಇಂಪ್ಲಾಂಟ್ ಹಾಕತೊಡಗಿದ ಮೇಲೆ. ಅಮೆರಿಕದಲ್ಲಿ ಇದಕ್ಕೆ ಅಧಿಕೃತ ಒಪ್ಪಿಗೆ ದೊರೆತದ್ದು 2019ರಲ್ಲಿ, ಅದಕ್ಕೂ ಮುಂಚೆಯೇ ಹಾಕಿಸಿಕೊಂಡವರು ಅಲ್ಲಲ್ಲಿ ಇದ್ದರು. ಇವರ ಒಂದು ಕಿವಿ ಹುಟ್ಟಿನಿಂದ ಸರಿಯಾಗಿದೆ, ಇನ್ನೊಂದರಲ್ಲಿ ಯಂತ್ರ. ಒಂದೇ ತಲೆ, ಎರಡು ಬಗೆಯ ಕೇಳ್ವಿ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಮೈಕೆಲ್ ಡಾರ್ಮನ್ ಇಂಥವರನ್ನು ಕೂರಿಸಿ ಪ್ರಯೋಗ ಮಾಡಿದರು. ಇಂಪ್ಲಾಂಟ್ ಇರುವ ಕಿವಿಗೆ ಒಂದು ವಾಕ್ಯ ಬಿಡುವುದು. ಆಮೇಲೆ ಅದೇ ವಾಕ್ಯವನ್ನು ಬೇರೆಬೇರೆ ರೀತಿಯಲ್ಲಿ ಕೆಡಿಸಿ ಒಳ್ಳೆಯ ಕಿವಿಗೆ ಬಿಡುವುದು. ಯಾವುದು ಎಷ್ಟು ಹೋಲುತ್ತದೆ ಎಂದು ಹತ್ತಕ್ಕೆ ಅಂಕ ಕೊಡಿ, ಹತ್ತು ಕೊಟ್ಟರೆ ಪಡಿಯಚ್ಚು ಎಂದು ಅರ್ಥ.

2017ರಿಂದ ಈಚೆಗೆ ಅವರು ಪ್ರಕಟಿಸಿದ ಫಲಿತಾಂಶಗಳು ಓದುವುದಕ್ಕೆ ಮಜವಾಗಿವೆ. ಪ್ರಯೋಗಾಲಯಗಳು ಇಪ್ಪತ್ತು ವರ್ಷದಿಂದ ಇಂಪ್ಲಾಂಟಿನ ಮಾದರಿ ಎಂದು ಬಳಸಿಕೊಂಡು ಬಂದಿದ್ದ ಗದ್ದಲ ತುಂಬಿದ ದನಿಗೆ ಪ್ರಯೋಗಕ್ಕೆ ಕೂತವರು ಕೊಟ್ಟ ಅಂಕ ಕಡಿಮೆ. ‘ಹೀಗಲ್ಲ, ಹೀಗೆ ಕೇಳಿಸುವುದಿಲ್ಲ’ ಎಂಬುದೇ ಅವರ ತೀರ್ಪು. ಹತ್ತಿರ ಬಂದದ್ದು ಇನ್ನೊಂದು ಬಗೆ. ಮನುಷ್ಯರ ದನಿಯೇ ಸರಿ, ಆದರೆ ಮೇಲಿನ ಕೀಚಲು ಭಾಗವನ್ನೂ ಕೆಳಗಿನ ಗಡಸು ಭಾಗವನ್ನೂ ಕತ್ತರಿಸಿ, ಉಳಿದದ್ದನ್ನು ಸ್ವಲ್ಪ ಮಸುಕು ಮಾಡಿದ ದನಿ. ಬಾಗಿಲಾಚೆಯಿಂದ ಕೇಳಿದ ಮಾತು ಅನ್ನಿ. ಕೆಲವರು ಶ್ರುತಿ ಮೇಲೇರಿದೆ, ಕಾರ್ಟೂನ್ ಪಾತ್ರದ ದನಿಯಂತಿದೆ ಎಂದರು. ಅದಕ್ಕೆ ಕಾರಣ ಊಹಿಸಬಹುದು. ಎಲೆಕ್ಟ್ರೋಡಿನ ಎಳೆ ಸಾಮಾನ್ಯವಾಗಿ ಸುರುಳಿಯ ಒಳತುದಿಯವರೆಗೆ ಹೋಗುವುದಿಲ್ಲ, ಹೀಗಾಗಿ ಗಡಸು ಸದ್ದು ಕೀಚಲು ಸದ್ದಿನ ಜಾಗಕ್ಕೆ ಬಂದು ಬೀಳುತ್ತದೆ. ಆದರೆ ಒಬ್ಬರಂತೆ ಇನ್ನೊಬ್ಬರಿಲ್ಲ. ಒಬ್ಬರಿಗೆ ಹೆಚ್ಚುಕಡಿಮೆ ಪಡಿಯಚ್ಚಾದದ್ದು ಪಕ್ಕದವರಿಗೆ ಏನೇನೂ ಅಲ್ಲ. ಯಂತ್ರ ಅದೇ, ನರ ಬೇರೆ, ತಲೆ ಬೇರೆ. ಇನ್ನೊಂದು ಎಚ್ಚರವೂ ಬೇಕು. ಇವರ ಮಿದುಳು ದಿನವಿಡೀ ಒಳ್ಳೆಯ ಕಿವಿಯ ಜತೆ ತಾಳೆ ಹಾಕಿಕೊಳ್ಳುತ್ತಿರುತ್ತದೆ. ಎರಡೂ ಕಿವಿ ಹೋದವರಿಗೂ ಹೀಗೆಯೇ ಎಂದು ಹೇಳಿಬಿಡಲು ಬರುವುದಿಲ್ಲ.

ಹಾಗಾದರೆ ಎಂಟೇ ದಾರಿಯಲ್ಲಿ ಬಂದ ಬಡಕಲು ಮಾಹಿತಿ ಮನುಷ್ಯರ ದನಿಯಂತೆ ಕೇಳಿಸುವುದು ಹೇಗೆ? ಉಳಿದದ್ದನ್ನು ತುಂಬಿಕೊಡುವುದು ಗೊತ್ತಿರುವ ಭಾಷೆ. ಕೇಂಬ್ರಿಜ್‌ನ ಮ್ಯಾಟ್ ಡೇವಿಸ್, ಇನ್‌ಗ್ರಿಡ್ ಜಾನ್‌ಸ್ರೂಡ್ ಮತ್ತಿತರರು 2005ರಲ್ಲಿ ಚೆನ್ನಾಗಿ ಕಿವಿ ಕೇಳುವವರಿಗೆ ಇದೇ ಗರಗರ ದನಿಯ ವಾಕ್ಯಗಳನ್ನು ಕೇಳಿಸಿದರು. ಮೊದಮೊದಲು ಹತ್ತು ಪದಗಳಲ್ಲಿ ಒಂದೂ ಸಿಗದಿದ್ದವರಿಗೆ ಮೂವತ್ತು ವಾಕ್ಯ ಮುಗಿಯುವಷ್ಟರಲ್ಲಿ ಏಳು ಪದ ಸಿಗತೊಡಗಿದವು. ವಾಕ್ಯ ಏನೆಂದು ಮೊದಲೇ ಹೇಳಿ ಆಮೇಲೆ ಗರಗರ ದನಿ ಕೇಳಿಸಿದರೆ ಅದು ಒಮ್ಮೆಲೇ ಸ್ಪಷ್ಟವಾಗುತ್ತದೆ. ಅರ್ಥವಿಲ್ಲದ ಹುಸಿಪದಗಳ ವಾಕ್ಯ ಕೊಟ್ಟು ತರಬೇತಿ ಮಾಡಿದವರಿಗೆ ಮಾತ್ರ ಆ ಪ್ರಯೋಗದಲ್ಲಿ ಪ್ರಯೋಜನವಾಗಲಿಲ್ಲ. ಜಾಗ ತಪ್ಪಿದ ಸದ್ದಿಗೂ ಮನುಷ್ಯ ಒಗ್ಗಿಕೊಳ್ಳುತ್ತಾನೆ. ಲಂಡನ್ನಿನ ಸ್ಟುವರ್ಟ್ ರೋಸನ್ ತಂಡ 1999ರಲ್ಲಿ ಆರೂವರೆ ಮಿಲಿಮೀಟರ್ ಜಾಗ ತಪ್ಪಿಸಿದ ಮಾತನ್ನು ಕೇಳಿಸಿದಾಗ ನೂರಕ್ಕೆ ಒಂದು ಪದ ಕೂಡ ಕಷ್ಟವಾಗಿತ್ತು, ಮೂರು ಗಂಟೆಯ ಅಭ್ಯಾಸದ ಬಳಿಕ ಮೂವತ್ತು ಸಿಕ್ಕವು. ಇಂಪ್ಲಾಂಟ್ ಹಾಕಿಸಿಕೊಂಡ ದೊಡ್ಡವರು ಹೇಳುವುದೂ ಇದನ್ನೇ. ಸ್ವಿಚ್ ಆನ್ ಆದ ದಿನ ಬರೀ ಬೀಪ್ ಬೀಪ್, ರೋಬೋ ಮಾತಾಡಿದ ಹಾಗೆ. ತಿಂಗಳುಗಳು ಕಳೆದ ಮೇಲೆ ಹೆಂಡತಿಯ ದನಿ ಹೆಂಡತಿಯ ದನಿಯಾಗುತ್ತದೆ.

ದೊಡ್ಡವರಿಗೆ ತುಂಬಿಕೊಳ್ಳಲು ಭಾಷೆಯ ದಾಸ್ತಾನು ಇದೆ. ಹುಟ್ಟುಕಿವುಡು ಮಗುವಿಗೆ ಅದೂ ಇಲ್ಲ. ಆ ಬಡಕಲು ಸದ್ದಿನಿಂದಲೇ ಭಾಷೆಯನ್ನು ಕಟ್ಟಿಕೊಳ್ಳಬೇಕು, ಕಟ್ಟಿಕೊಂಡ ಭಾಷೆಯಿಂದ ಸದ್ದನ್ನು ಅರ್ಥ ಮಾಡಿಕೊಳ್ಳಬೇಕು. ಇದಕ್ಕೆ ವಯಸ್ಸಿನ ಗಡುವು ಉಂಟು. ಅನು ಶರ್ಮಾ ಮತ್ತು ಡಾರ್ಮನ್ 2002ರಲ್ಲಿ ಇಂಪ್ಲಾಂಟ್ ಹಾಕಿದ ಮಕ್ಕಳ ತಲೆಗೆ ತಂತಿ ಅಂಟಿಸಿ, ಸದ್ದು ಬಂದ ಎಷ್ಟು ಹೊತ್ತಿಗೆ ಮಿದುಳಿನಲ್ಲಿ ಅಲೆ ಏಳುತ್ತದೆ ಎಂದು ಅಳೆದರು. ಮೂರೂವರೆ ವರ್ಷದೊಳಗೆ ಹಾಕಿಸಿಕೊಂಡ ಮಕ್ಕಳಲ್ಲಿ ಅದು ಉಳಿದ ಮಕ್ಕಳ ಮಟ್ಟಕ್ಕೆ ಬಂದಿತ್ತು. ಏಳು ದಾಟಿದ ಮೇಲೆ ಹಾಕಿಸಿಕೊಂಡವರಲ್ಲಿ ವರ್ಷಗಳಾದರೂ ತಡವೇ. ಸದ್ದಿಗೆಂದು ಇದ್ದ ಮಿದುಳಿನ ಜಾಗ ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹಂಚಿಹೋಗಿರುತ್ತದೆ. ‘ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿಯೇ ಮಾತಾಡಿದ್ದು, ಇವನ ಸೋದರಮಾವನೂ ಹಾಗೇ’ ಎಂದು ಅಜ್ಜಿಯರು ಹೇಳುವ ಸಮಾಧಾನಕ್ಕೆ ಇಲ್ಲಿ ದುಬಾರಿ ಬೆಲೆ ತೆರಬೇಕಾಗುತ್ತದೆ.

ನಮ್ಮಲ್ಲಿ ಇಂಥ ಮಕ್ಕಳಿಗೆ ಕೇಳಿಸಿಕೊಳ್ಳುವುದನ್ನು ಕಲಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಹೋಗಬೇಕು. ಥೆರಪಿ ಕೋಣೆಗಳಲ್ಲಿ ಸರ್ವೇಸಾಮಾನ್ಯವಾಗಿ ನಡೆಯುವ ಪರೀಕ್ಷೆಯೊಂದು ನೋಡಲು ಆಟದಂತಿದೆ. ಮಗು ಕೈಯಲ್ಲಿ ಒಂದು ಬಿಲ್ಲೆ ಹಿಡಿದು ಕಿವಿಯ ಹತ್ತಿರ ಇಟ್ಟುಕೊಂಡಿರುತ್ತದೆ, ಮುಂದೆ ಡಬ್ಬ. ಥೆರಪಿಸ್ಟ್ ತುಟಿ ಕಾಣದಂತೆ ಬಾಯಿಗೆ ಅಡ್ಡ ಹಿಡಿದುಕೊಂಡು ‘ಆ’ ಎನ್ನುತ್ತಾರೆ. ಕೇಳಿಸಿದರೆ ಬಿಲ್ಲೆ ಡಬ್ಬಕ್ಕೆ ಟಣ್ ಎಂದು ಬೀಳುತ್ತದೆ. ಆಮೇಲೆ ‘ಊ’, ‘ಈ’, ‘ಮ್’, ‘ಶ್’, ಕಡೆಗೆ ‘ಸ್’. ಡೇನಿಯಲ್ ಲಿಂಗ್ ಎಂಬ ಶಿಕ್ಷಣತಜ್ಞರು ಆರಿಸಿಕೊಟ್ಟ ಈ ಆರು ಸದ್ದುಗಳು ಮಾತಿನ ಗಡಸು ತುದಿಯಿಂದ ಕೀಚಲು ತುದಿಯವರೆಗೆ ಹರಡಿಕೊಂಡಿವೆ. ‘ಮ್’ಗೆ ಬಿಲ್ಲೆ ಬಿದ್ದು ‘ಸ್’ಗೆ ಬೀಳದಿದ್ದರೆ ಮ್ಯಾಪ್‌ನಲ್ಲಿ ಎಲ್ಲಿ ನೋಡಬೇಕೆಂದು ಆಡಿಯಾಲಜಿಸ್ಟ್‌ಗೆ ಸುಳಿವು ಸಿಗುತ್ತದೆ. ಬೆಳಿಗ್ಗೆ ಮಷೀನ್ ಹಾಕಿದ ಕೂಡಲೇ ಮನೆಯಲ್ಲೂ ಮಾಡಿ ನೋಡಿ ಎಂದು ಅಮ್ಮಂದಿರಿಗೆ ಹೇಳಿಕೊಡುತ್ತಾರೆ, ಎರಡು ನಿಮಿಷದ ಕೆಲಸ.

ಕನ್ನಡದ ಸದ್ದುಗಳನ್ನು ಈ ಯಂತ್ರದ ಮುಂದೆ ಇಟ್ಟರೆ ಕೆಲವಕ್ಕೆ ದಾರಿ ಸುಗಮ, ಕೆಲವಕ್ಕೆ ಕಲ್ಲುಮುಳ್ಳು. ಕಾಲದ ಅಳತೆಯನ್ನು ಇಂಪ್ಲಾಂಟ್ ಚೆನ್ನಾಗಿ ದಾಟಿಸುತ್ತದೆ. ಹಾಗಾಗಿ ಹ್ರಸ್ವ–ದೀರ್ಘ, ಒತ್ತಕ್ಷರಗಳು ಅಷ್ಟು ತೊಡಕಲ್ಲ. ಬಳೆ ಮತ್ತು ಬಾಳೆ, ಬಳಿ ಮತ್ತು ಬಳ್ಳಿ ಬೇರೆಯಾಗಿ ಕೇಳಿಸಬೇಕು. ಕಷ್ಟ ಇರುವುದು ನಾಲಿಗೆ ಬಾಯೊಳಗೆ ಎಲ್ಲಿ ತಾಗಿತು ಎಂಬುದನ್ನು ಮಾತ್ರ ಅವಲಂಬಿಸಿದ ಜೋಡಿಗಳಲ್ಲಿ. ಕತ್ತೆ–ಕಟ್ಟೆ, ಬೆಲೆ–ಬೆಳೆ. ಆ ವ್ಯತ್ಯಾಸ ಪಟ್ಟಿಗಳ ನಡುವೆ ಸೂಕ್ಷ್ಮವಾಗಿ ಹಂಚಿಹೋಗಿರುತ್ತದೆ, ಹರಡಿಕೊಂಡ ವಿದ್ಯುತ್ತಿನಲ್ಲಿ ಅದು ಕಲಸಿಹೋಗುತ್ತದೆ. ತುಟಿ ನೋಡಿಯೂ ಇವನ್ನು ಹೇಳಲಾಗದು. ಪ, ಬ, ಮ ಇದಕ್ಕೆ ಉಲ್ಟಾ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ, ಕಣ್ಣಿಗೆ ಭೇದ ತಿಳಿಯದು. ಆದರೆ ದನಿ ಇದೆಯೇ, ಮೂಗಿನಿಂದ ಬಂತೇ ಎಂಬುದನ್ನು ಇಂಪ್ಲಾಂಟ್ ಹೇಳಿಬಿಡುತ್ತದೆ. ಕಣ್ಣಿಗೆ ಕಾಣದ್ದು ಕಿವಿಗೆ, ಕಿವಿಗೆ ಬಾರದ್ದು ಬಹುಮಟ್ಟಿಗೆ ಕಣ್ಣಿಗೆ. ಎರಡೂ ಸೇರಿದಾಗ ಮಾತು ತಿಳಿಯುವ ಪ್ರಮಾಣ ಒಮ್ಮೆಲೇ ಏರುತ್ತದೆ. ಹಾಗಾಗಿ ಇಂಪ್ಲಾಂಟ್ ಇರುವವರ ಜತೆ ಮಾತಾಡುವಾಗ ಮುಖ ಕಾಣುವಂತೆ ನಿಂತುಕೊಳ್ಳಿ ಎನ್ನುತ್ತಾರೆ. ಕೂಗಿ ಪ್ರಯೋಜನವಿಲ್ಲ, ಕೂಗಿದ್ದನ್ನು ಪ್ರೊಸೆಸರ್ ಹೇಗೂ ಅದುಮಿ ಅಳತೆಗೆ ತಂದುಬಿಡುತ್ತದೆ. ಚೀನಾದ ಮ್ಯಾಂಡರಿನ್ ಮಾತಾಡುವವರ ಪಾಡು ಇನ್ನೂ ಕಷ್ಟ. ಅಲ್ಲಿ ದನಿ ಏರಿಸಿದರೆ ಒಂದು ಪದ, ಇಳಿಸಿದರೆ ಇನ್ನೊಂದು, ಆ ಏರಿಳಿತವನ್ನೇ ಯಂತ್ರ ಸರಿಯಾಗಿ ಕೊಡುವುದಿಲ್ಲ. ನಮಗೆ ಆ ತಾಪತ್ರಯವಿಲ್ಲ. ಪ್ರಶ್ನೆ ಕೇಳುವಾಗಲೂ ‘ಬಂದಳಾ’, ‘ಬಂದಳೇ’ ಎಂದು ಕೊನೆಯಲ್ಲಿ ಒಂದು ಗುರುತು ಅಂಟಿಸುತ್ತೇವೆ. ಆದರೆ ವ್ಯಂಗ್ಯ, ಮುನಿಸು, ಲಲ್ಲೆ ಇವೆಲ್ಲ ದನಿಯ ಏರಿಳಿತದಲ್ಲೇ ಇರುವುದರಿಂದ ಅಲ್ಲಿ ಎಡವಟ್ಟು ತಪ್ಪಿದ್ದಲ್ಲ.

ಸಂಗೀತಕ್ಕೆ ಬಂದರೆ ಇಂಪ್ಲಾಂಟಿನ ಮಿತಿ ಬೆತ್ತಲಾಗುತ್ತದೆ. ತಾಳ ಹೆಚ್ಚುಕಡಿಮೆ ನಮ್ಮಷ್ಟೇ ಸಲೀಸು. ತನಿ ಆವರ್ತನದ ಲೆಕ್ಕಾಚಾರ ಕೈಬೆರಳಲ್ಲಿ ಹಾಕಬಹುದು. ರಾಗ ಮಾತ್ರ ಕೈಗೆ ಸಿಗುವುದಿಲ್ಲ. ಮಿಡಿತದ ವೇಗ ಹೆಚ್ಚಿಸಿದರೆ ಶ್ರುತಿ ಏರಿದಂತೆ ಕೇಳಿಸುತ್ತದೆ ನಿಜ, ಆದರೆ ಬಹುತೇಕರಿಗೆ ಸೆಕೆಂಡಿಗೆ 300ರ ಆಸುಪಾಸು ದಾಟಿದ ಮೇಲೆ ಅದೂ ನಿಂತುಹೋಗುತ್ತದೆ. ಪಕ್ಕಪಕ್ಕದ ಸ್ವರಸ್ಥಾನಗಳನ್ನು ಬೇರ್ಪಡಿಸಬಲ್ಲವರು ಕೆಲವರಿದ್ದಾರೆ, ಅರ್ಧ ಸ್ಥಾಯಿಯ ಅಂತರವಿದ್ದರೂ ಯಾವುದು ಮೇಲಿನದು ಎಂದು ತಡವರಿಸುವವರೂ ಇದ್ದಾರೆ. ಗಮಕದ ಗತಿ ಏನೆಂದು ಬೇರೆ ಹೇಳಬೇಕಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕೇಟ್ ಗ್ಫೆಲರ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ಸಾಹಿತ್ಯವಿಲ್ಲದೆ ಬರೀ ಮಟ್ಟು ಕೇಳಿಸಿದರೆ ಚಿರಪರಿಚಿತ ಹಾಡುಗಳನ್ನೂ ಇಂಪ್ಲಾಂಟ್ ಇರುವವರು ಗುರುತಿಸುವುದು ಕಡಿಮೆ, ಸಾಹಿತ್ಯ ಸೇರಿದರೆ ಪರಿಸ್ಥಿತಿ ಸುಧಾರಿಸುತ್ತದೆ. ಮೈಕೆಲ್ ಚೋರೊಸ್ಟ್ ಎಂಬ ಅಮೆರಿಕನ್ ಲೇಖಕರು 2001ರಲ್ಲಿ ಉಳಿದಿದ್ದ ಕೇಳ್ವಿಯನ್ನೂ ಕಳೆದುಕೊಂಡು ಇಂಪ್ಲಾಂಟ್ ಹಾಕಿಸಿಕೊಂಡರು. ರವೆಲ್‌ನ ‘ಬೊಲೆರೊ’ ಅವರಿಗೆ ಬಹಳ ಪ್ರಿಯವಾದ ಕೃತಿ. ಅದು ಮತ್ತೆ ಮೊದಲಿನಂತೆ ಕೇಳಿಸೀತೇ ಎಂದು ಒಂದೊಂದು ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡಾಗಲೂ ಪರೀಕ್ಷಿಸುತ್ತ ಹೋದ ಕಥೆಯನ್ನು ಅವರು 2005ರಲ್ಲಿ ಬರೆದರು. ತಮಾಷೆಯೆಂದರೆ ಎಳವೆಯಿಂದ ಇಂಪ್ಲಾಂಟ್‌ನಲ್ಲೇ ಬೆಳೆದ ಮಕ್ಕಳಿಗೆ ಈ ಯಾವ ಕೊರಗೂ ಇಲ್ಲ. ಕಳೆದುಕೊಂಡದ್ದು ಏನೂ ಇಲ್ಲವಾದ್ದರಿಂದ ಹಾಡು ಹಾಕಿದರೆ ಕುಣಿಯುತ್ತಾರೆ. ಇನ್ನೊಂದು ಕಿವಿಯಲ್ಲಿ ಚೂರುಪಾರು ಗಡಸು ಸದ್ದು ಕೇಳಿಸುವಂತಿದ್ದರೆ ಆ ಕಡೆಯ ಹಿಯರಿಂಗ್ ಏಡ್ ತೆಗೆದಿಡಬೇಡಿ ಎನ್ನುವುದಕ್ಕೆ ಸಂಗೀತವೂ ಒಂದು ಕಾರಣ. ಶ್ರುತಿ ಅಲ್ಲಿಂದ, ಮಾತು ಇಲ್ಲಿಂದ.

ಗದ್ದಲದಲ್ಲಿ ಮಾತ್ರ ಎಲ್ಲರಿಗೂ ಕಷ್ಟ. ನಮ್ಮ ಮನೆಗಳಲ್ಲಿ ಮಿಕ್ಸಿ, ಕುಕ್ಕರ್, ಟಿವಿ, ರಸ್ತೆಯ ಹಾರ್ನ್ ಎಲ್ಲ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಒಳ್ಳೆಯ ಕಿವಿ ಶ್ರುತಿಯ ಜಾಡು ಹಿಡಿದು ಒಬ್ಬರ ದನಿಯನ್ನು ಉಳಿದದ್ದರಿಂದ ಬಿಡಿಸಿಕೊಳ್ಳುತ್ತದೆ, ಇವರಿಗೆ ಆ ಜಾಡೇ ಇಲ್ಲ. ಮದುವೆಮನೆಯಲ್ಲಿ ಓಲಗದ ಪಕ್ಕ ನಿಂತು ‘ಮಷೀನ್ ಹಾಕಿದೆಯಲ್ಲ, ಇನ್ನೂ ಕೇಳಲ್ವಾ?’ ಎನ್ನುವ ನೆಂಟರು ಇದನ್ನು ತಿಳಿದಿರಬೇಕು. ಕೇಳಿಸಿಕೊಳ್ಳುವ ಪ್ರಯತ್ನದಲ್ಲೇ ಸಂಜೆಯ ಹೊತ್ತಿಗೆ ಸುಸ್ತಾಗಿ ಮಷೀನ್ ತೆಗೆದಿಟ್ಟು ಕೂರುವವರು ಬಹಳ.

ಕಿವುಡರ ಸಮುದಾಯದಲ್ಲಿ ಇಂಪ್ಲಾಂಟ್ ಬಗ್ಗೆ ಒಮ್ಮತವಿಲ್ಲ. ಎರಡು ವರ್ಷ ದಾಟಿದ ಮಕ್ಕಳಿಗೂ ಹಾಕಬಹುದೆಂದು ಅಮೆರಿಕದಲ್ಲಿ 1990ರಲ್ಲಿ ಒಪ್ಪಿಗೆ ಸಿಕ್ಕಾಗ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ಮರುವರ್ಷ ಕಟುವಾಗಿ ವಿರೋಧಿಸಿತು, 2000ದಲ್ಲಿ ನಿಲುವು ಸಡಿಲಿಸಿತು. ಸಂಕೇತ ಭಾಷೆಯಲ್ಲಿ ಪೂರ್ಣವಾಗಿ ಬದುಕುತ್ತಿರುವವರನ್ನು ರಿಪೇರಿಗೆ ಬಂದವರಂತೆ ನೋಡಬೇಡಿ ಎಂಬುದು ಅವರ ಮಾತಿನ ತಿರುಳು. ಅದರಲ್ಲಿ ಹುರುಳಿದೆ. ಮಗುವಿಗೆ ಭಾಷೆಯೊಂದು ಬೇಗ ಸಿಗಬೇಕು, ಬಾಯಿಂದಲೋ ಕೈಯಿಂದಲೋ ಎಂಬುದು ಆಮೇಲಿನ ಮಾತು. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂದು ಹೆದರಿಸಿ ಎರಡನ್ನೂ ತಪ್ಪಿಸುವುದು ನನಗೆ ಸರಿಕಾಣುವುದಿಲ್ಲ.

ಮುಂದಿನ ದಿನಗಳಲ್ಲಿ ವಿದ್ಯುತ್ ಬದಲು ಬೆಳಕಿನಿಂದ ನರವನ್ನು ಮಿಡಿಸುವ ಇಂಪ್ಲಾಂಟ್ ಬರಬಹುದು. ಬೆಳಕು ದ್ರವದಲ್ಲಿ ಹಾಗೆ ಹರಡುವುದಿಲ್ಲವಾದ್ದರಿಂದ ಜರ್ಮನಿಯ ಗೊಟಿಂಗನ್‌ನಲ್ಲಿ ಟೋಬಿಯಾಸ್ ಮೋಸರ್ ತಂಡ ಅದರ ಬೆನ್ನುಬಿದ್ದಿದೆ. ಒಟೋಫ್ ಎಂಬ ಒಂದು ವಂಶವಾಹಿಯ ದೋಷದಿಂದ ಬರುವ ಕಿವುಡಿಗೆ ಜೀನ್ ಚಿಕಿತ್ಸೆಯೂ ಬಂದಿದೆ. ಶಾಂಘೈನ ವೈದ್ಯರು ಚಿಕಿತ್ಸೆ ಕೊಟ್ಟ ಆರು ಮಕ್ಕಳಲ್ಲಿ ಐವರಿಗೆ ಕೇಳ್ವಿ ಬಂದ ವರದಿ 2024ರ ಜನವರಿಯಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಆದರೆ ಕಿವುಡಿಗೆ ಕಾರಣಗಳು ನೂರಾರು, ಬಹುಪಾಲು ಮಕ್ಕಳ ಪಾಲಿಗೆ ಸದ್ಯಕ್ಕೆ ಇರುವುದು ಇದೇ ಯಂತ್ರ.

ಈ ಯಂತ್ರದ ಆಪರೇಷನ್ ಕೆಲವೇ ಗಂಟೆಗಳ ಕೆಲಸ. ಬಡಮಕ್ಕಳಿಗೆ ಎಳವೆಯಲ್ಲೇ ಉಚಿತವಾಗಿ ಹಾಕಿಸಲು ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ ಇದೆ. ಅದಾದ ಮೇಲಿನ ಮೂರು–ನಾಲ್ಕು ವರ್ಷಗಳೇ ನಿಜವಾದ ಕೆಲಸ. ಅದರ ಬಹುಭಾಗ ಬೀಳುವುದು ತಾಯಿಯ ಮೇಲೆ. ಅನ್ನ ಕಲಸುವಾಗ ‘ಅನ್ನ ಬಿಸಿ, ಊದು ಊದು’ ಎಂದು, ಸ್ನಾನ ಮಾಡಿಸುವಾಗ ‘ನೀರು ಹಾಕಲಾ?’ ಎಂದು ದಿನವಿಡೀ ಬಾಯಿ ಮುಚ್ಚದೆ ಮಾತಾಡುತ್ತಿರಬೇಕು. ರಾಯಚೂರು, ಬೀದರಿನ ಹಳ್ಳಿಯಿಂದ ಬಂದವಳು ಥೆರಪಿಗಾಗಿ ಗಂಡನನ್ನೂ ಹೊಲವನ್ನೂ ಬಿಟ್ಟು ದೂರದ ಊರಿನಲ್ಲಿ ಬಾಡಿಗೆ ಕೋಣೆ ಹಿಡಿಯಬೇಕು, ಇಲ್ಲವೇ ವಾರಕ್ಕೊಮ್ಮೆ ರಾತ್ರಿ ಬಸ್ಸು ಹತ್ತಬೇಕು. ಆ ಕಾಯಿಲ್‌ನ ತಂತಿ ಮಕ್ಕಳ ಕೈಯಲ್ಲಿ ಬೇಗ ತುಂಡಾಗುತ್ತದೆ, ಬೆವರಿಗೆ ಮೈಕು ಕೆಡುತ್ತದೆ. ಗ್ಯಾರಂಟಿ ಮುಗಿದ ಮೇಲೆ ಬಿಡಿಭಾಗದ ಬೆಲೆ ಕೂಲಿ ಮಾಡುವವರ ಕೈಗೆಟುಕುವುದಿಲ್ಲ. ಹೊಸ ತಂತಿ ಬರುವವರೆಗೆ ಆ ಮಗು ಮೊದಲಿನಂತೆಯೇ ಕಿವುಡು. ಇಷ್ಟು ಮಕ್ಕಳಿಗೆ ಇಂಪ್ಲಾಂಟ್ ಹಾಕಿದೆವು ಎಂದು ಪ್ರಕಟಣೆ ಕೊಡುವ ಇಲಾಖೆಗಳು, ಐದು ವರ್ಷದ ಹಿಂದೆ ಹಾಕಿದ್ದರಲ್ಲಿ ಇವತ್ತು ಎಷ್ಟು ಮಕ್ಕಳ ತಲೆಯ ಮೇಲೆ ಮಷೀನ್ ಓಡುತ್ತಿದೆ ಎಂಬುದನ್ನೂ ಅದೇ ಹಾಳೆಯಲ್ಲಿ ಅಚ್ಚು ಹಾಕಲಿ.